ಬೇಕಾದುದನ್ನು ಬರೆದಿಡುವ ವಿದ್ಯೆ

ಪರಸ್ಥಳಕ್ಕೆ ಬಂದು ನೆಲೆಸಿದ ನಮಗೆ ‘ವಲಸೆ’ ಎಂಬ ಮಾತಿನ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕರಾವಳಿಯಿಂದ ಹೋಟೆಲು ನಡೆಸಲು ಬಂದವರು, ಧಾರವಾಡ ಬೆಳಗಾವಿಗಳ ಕಡೆಯಿಂದ ನೌಕರಿ ಹಿಡಿದು ಬಂದವರು, ಬ್ಯಾಂಕಿನ ವರ್ಗಾವಣೆಯ ಕಾಗದ ಕೈಗೆ ಬಂದುದರಿಂದ ಬಂದವರು, ಹೀಗೆ ಅಹಮದಾಬಾದು, ವಡೋದರ, ಸೂರತ್ತುಗಳಲ್ಲಿರುವ ನಮ್ಮ ಪ್ರತಿಯೊಂದು ಮನೆಗೂ ಒಂದು ವಲಸೆಯ ಕಥೆಯಿದೆ. ಆದರೆ ಇತ್ತೀಚಿನ ವರ್ಷಗಳಲ್ಲಿ ಇದೇ ಮಾತು ಇಂಗ್ಲಿಷಿನ ವೇಷದಲ್ಲಿ, ಬೇರೊಂದು ಅರ್ಥದಲ್ಲಿ ನಮ್ಮ ಮನೆಗಳೊಳಗೆ ಕೇಳಿಬರುತ್ತಿದೆ. ಕಂಪ್ಯೂಟರ್ ಕಂಪನಿಯಲ್ಲಿ ದುಡಿಯುವ ಮಗನೋ ಸೊಸೆಯೋ ರಾತ್ರಿ ಊಟಕ್ಕೆ ಕರೆದರೆ, “ಇವತ್ತು ಮೈಗ್ರೇಶನ್ ಇದೆ, ಮುಗಿಯುವ ತನಕ ಏಳುವಂತಿಲ್ಲ” ಎನ್ನುತ್ತಾರೆ. ಯಾರು ಎಲ್ಲಿಗೆ ವಲಸೆ ಹೋಗುತ್ತಿದ್ದಾರೆಂದು ತಿಳಿಯದೆ ಅತ್ತೆಯವರು ಅನ್ನದ ಪಾತ್ರೆಯನ್ನು ಮುಚ್ಚಿಡುತ್ತಾರೆ.

ಈ ರಾತ್ರಿಯ ಕೆಲಸ ಏನು, ಅದನ್ನು ಹಗುರ ಮಾಡುವುದಕ್ಕಾಗಿ ಹುಟ್ಟಿರುವ ಹೊಸ ಸಾಧನಗಳು ಎಂಥವು, ಅವುಗಳಿಂದ ಅನುಕೂಲವೆಷ್ಟು, ಅಪಾಯವೆಷ್ಟು ಎಂಬುದನ್ನು ಮನೆಯವರೆಲ್ಲರಿಗೂ ತಿಳಿಯುವಂತೆ ಹೇಳುವುದು ಈ ಲೇಖನದ ಉದ್ದೇಶ. ವಿಷಯ ಯಂತ್ರದ್ದಾದರೂ ಅದರ ಮೂಲದಲ್ಲಿರುವ ವಿಚಾರ ನಮ್ಮ ಅಡಿಗೆಮನೆಗೆ ಹೊಸದಲ್ಲ.

ಎರಡು ಬಗೆಯ ಮಾತು

ಅಂಗಡಿಗೆ ಹೊರಟ ಹುಡುಗನಿಗೆ ತಾಯಿ ಎರಡು ಬಗೆಯಲ್ಲಿ ಹೇಳಬಹುದು. “ಐದು ಕಿಲೋ ಅಕ್ಕಿ ತಾ” ಎನ್ನುವುದು ಒಂದು ಬಗೆ. “ಡಬ್ಬಿಯಲ್ಲಿ ಐದು ಕಿಲೋ ಅಕ್ಕಿ ಇರಬೇಕು, ನೋಡು” ಎನ್ನುವುದು ಇನ್ನೊಂದು ಬಗೆ. ಮೊದಲನೆಯದು ಅಪ್ಪಣೆಯ ಮಾತು. ಮಾಡಬೇಕಾದ ಕೆಲಸವನ್ನು ಹೇಳುತ್ತದೆ. ಎರಡನೆಯದು ಸ್ಥಿತಿಯ ಮಾತು. ಕೊನೆಗೆ ಹೇಗಿರಬೇಕೆಂಬುದನ್ನು ಮಾತ್ರ ಹೇಳುತ್ತದೆ. ಎರಡನೆಯ ಮಾತನ್ನು ಕೇಳಿದ ಹುಡುಗ ಮೊದಲು ಡಬ್ಬಿಯ ಮುಚ್ಚಳ ತೆಗೆದು ನೋಡಬೇಕು. ಮೂರು ಕಿಲೋ ಇದ್ದರೆ ಎರಡು ತರಬೇಕು. ಐದೂ ಇದ್ದರೆ ಆಡಲು ಹೋಗಬಹುದು.

ಮೇಲ್ನೋಟಕ್ಕೆ ಸಣ್ಣದಾಗಿ ಕಾಣುವ ಈ ವ್ಯತ್ಯಾಸದ ಫಲ ದೊಡ್ಡದು. ತಾಯಿ ಹೇಳಿದುದು ತಿಳಿಯದೆ ಅಜ್ಜಿಯೂ ಅದನ್ನೇ ಹೇಳಿದರೆಂದಿಟ್ಟುಕೊಳ್ಳಿ. ಅಪ್ಪಣೆಯ ಮಾತಾದರೆ ಮನೆಗೆ ಹತ್ತು ಕಿಲೋ ಅಕ್ಕಿ ಬರುತ್ತದೆ. ಸ್ಥಿತಿಯ ಮಾತಾದರೆ ಎಷ್ಟು ಸಲ ಹೇಳಿದರೂ ಡಬ್ಬಿಯಲ್ಲಿ ಐದೇ ಕಿಲೋ. ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದರೂ ಕೆಡದಿರುವ ಈ ಗುಣವೇ ಕಂಪ್ಯೂಟರ್ ವಿದ್ಯೆಯಲ್ಲಿ ಈಗ ಬಹು ಬೆಲೆಬಾಳುತ್ತಿದೆ. ಇಂಗ್ಲಿಷಿನಲ್ಲಿ ಸ್ಥಿತಿಯ ಮಾತಿನ ಪದ್ಧತಿಗೆ ‘ಡಿಕ್ಲರೇಟಿವ್’ ಎಂದು ಹೆಸರು.

ಅಪ್ಪಣೆಯ ಪದ್ಧತಿಗೆ ಒಳ್ಳೆಯ ನಿದರ್ಶನ ಸೂರತ್ತಿನಲ್ಲೇ ಇದೆ. ಅಲ್ಲಿನ ಹಳೆಯ ಜಕಾರ್ಡ್ ಮಗ್ಗವನ್ನು ನೋಡಿದವರು ಅದರ ನೆತ್ತಿಯ ಮೇಲೆ ತೂತುಕೊರೆದ ರಟ್ಟಿನ ಪಟ್ಟಿಗಳು ಒಂದಕ್ಕೊಂದು ಪೋಣಿಸಿ ಮಾಲೆಯಂತೆ ಇಳಿಬಿದ್ದಿರುವುದನ್ನು ಕಂಡಿರುತ್ತಾರೆ. ಫ್ರಾನ್ಸ್ ದೇಶದ ಲಿಯಾನಿನ ಜಕಾರ್ ಎಂಬಾತ ೧೮೦೪ರ ಸುಮಾರಿನಲ್ಲಿ ಹವಣಿಸಿದ ಯುಕ್ತಿಯಿದು. ಒಂದೊಂದು ಹೊಕ್ಕಿಗೆ ಒಂದೊಂದು ರಟ್ಟು. ಈ ಸಲ ಹಾಸಿನ ಯಾವ ಯಾವ ಎಳೆಗಳನ್ನು ಎತ್ತಬೇಕೆಂಬುದನ್ನು ರಟ್ಟಿನ ತೂತುಗಳು ಹೇಳುತ್ತವೆ. ಸೀರೆಯ ಸೆರಗಿನಲ್ಲಿ ಮೂಡುವ ನವಿಲಿನ ಸುದ್ದಿ ಯಾವ ರಟ್ಟಿನಲ್ಲಿಯೂ ಇಲ್ಲ. ಸಾವಿರಾರು ಸಣ್ಣ ಅಪ್ಪಣೆಗಳು ಸರಿಯಾದ ಕ್ರಮದಲ್ಲಿ ನಡೆದರೆ ನವಿಲು ಮೂಡುತ್ತದೆ. ನಡುವೆ ಎರಡು ರಟ್ಟು ಅದಲುಬದಲಾದರೆ ನವಿಲಿನ ಕೊಕ್ಕು ಕೆಡುತ್ತದೆ, ಮತ್ತು ಮಗ್ಗಕ್ಕೆ ಅದು ಗೊತ್ತಾಗುವುದಿಲ್ಲ.

ಡೇಟಾಬೇಸಿನ ಚೌಕಟ್ಟು

ಈಗ ಕಂಪ್ಯೂಟರಿನ ಕಡೆಗೆ ಬರೋಣ. ಬ್ಯಾಂಕಿನ ಖಾತೆ, ರೈಲಿನ ಮುಂಗಡ ಟಿಕೆಟು, ಆಸ್ಪತ್ರೆಯ ಚೀಟಿ, ಇವೆಲ್ಲ ಇಂದು ಡೇಟಾಬೇಸು ಎಂಬ ಯಾಂತ್ರಿಕ ದಫ್ತರದಲ್ಲಿರುತ್ತವೆ. ದಫ್ತರವೆಂದ ಮೇಲೆ ಅದಕ್ಕೆ ಕೋಷ್ಟಕಗಳುಂಟು, ಕೋಷ್ಟಕಕ್ಕೆ ಕಾಲಮ್ಮುಗಳುಂಟು. ಹೆಸರು, ವಿಳಾಸ, ಹುಟ್ಟಿದ ದಿನ ಎಂದು ತಲೆಬರಹ ಹಾಕಿ ಗೆರೆ ಎಳೆದ ಲೆಡ್ಜರನ್ನು ಮನಸ್ಸಿಗೆ ತಂದುಕೊಂಡರೆ ಸಾಕು. ಯಾವ ಕೋಷ್ಟಕಗಳು, ಅವುಗಳಲ್ಲಿ ಯಾವ ಕಾಲಮ್ಮುಗಳು, ಯಾವುದರಲ್ಲಿ ಅಂಕೆ, ಯಾವುದರಲ್ಲಿ ಅಕ್ಷರ ಎಂಬ ಕಟ್ಟುಪಾಡಿಗೆ ‘ಸ್ಕೀಮಾ’ ಎನ್ನುತ್ತಾರೆ. ನಾವು ಚೌಕಟ್ಟು ಎನ್ನೋಣ.

ಈ ಬಗೆಯ ದಫ್ತರಕ್ಕೆ ಶಾಸ್ತ್ರೀಯ ತಳಹದಿ ಹಾಕಿದವನು ಎಡ್ಗರ್ ಕಾಡ್ ಎಂಬ ಗಣಿತಜ್ಞ. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದ ಐಬಿಎಂ ಸಂಸ್ಥೆಯಲ್ಲಿ ಕೆಲಸಮಾಡುತ್ತಿದ್ದ ಆತ ೧೯೭೦ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಒಂದು ಮುಖ್ಯ ಮಾತಿತ್ತು. ಮಾಹಿತಿಯನ್ನು ಕೇಳುವವನಿಗೆ ಅದು ಯಂತ್ರದೊಳಗೆ ಎಲ್ಲಿ, ಹೇಗೆ ಅಡಗಿದೆ ಎಂಬುದು ತಿಳಿದಿರಬೇಕಾಗಿಲ್ಲ. ಆತನ ವಿಚಾರವನ್ನು ಹಿಡಿದು ೧೯೭೪ರಲ್ಲಿ ಚೇಂಬರ್ಲಿನ್ ಮತ್ತು ಬಾಯ್ಸ್ ಎಂಬ ಇಬ್ಬರು ಐಬಿಎಂನವರೇ ಒಂದು ಭಾಷೆಯನ್ನು ರೂಪಿಸಿದರು. ಇಂದು ಎಸ್‌ಕ್ಯೂಎಲ್ ಎಂದು ಜಗತ್ತೆಲ್ಲ ಬಳಸುವ ಭಾಷೆ ಅದೇ. “ಸದಸ್ಯರ ಪಟ್ಟಿಯಿಂದ ವಡೋದರದಲ್ಲಿರುವವರ ಹೆಸರು ಕೊಡು” ಎಂದು ಕೇಳಿದರೆ, ಯಾವ ದಾರಿಯಿಂದ ಹುಡುಕಬೇಕೆಂಬುದನ್ನು ಯಂತ್ರವೇ ಗೊತ್ತುಮಾಡಿಕೊಳ್ಳುತ್ತದೆ. ಹೀಗೆ ಕೇಳುವ ಕೆಲಸದಲ್ಲಿ ಸ್ಥಿತಿಯ ಮಾತು ಐವತ್ತು ವರ್ಷಗಳಿಗೂ ಹಿಂದೆಯೇ ಬಂದುಬಿಟ್ಟಿತು.

ಆದರೆ ಚೌಕಟ್ಟನ್ನೇ ಬದಲಿಸುವ ಕೆಲಸ ಮಾತ್ರ ಅಪ್ಪಣೆಯ ಪದ್ಧತಿಯಲ್ಲೇ ಉಳಿಯಿತು. ವ್ಯಾಪಾರ ಬೆಳೆದಂತೆ ದಫ್ತರವೂ ಬೆಳೆಯಬೇಕಲ್ಲವೆ? ಇವತ್ತು ಮೊಬೈಲ್ ನಂಬರಿಗೆ ಒಂದು ಕಾಲಂ ಬೇಕು. ನಾಳೆ ವಿಳಾಸವನ್ನು ಎರಡು ಭಾಗ ಮಾಡಬೇಕು. ಅದಕ್ಕಾಗಿ ಕೆಲಸಗಾರರು ಒಂದು, ಎರಡು, ಮೂರು ಎಂದು ಅಂಕೆ ಹಾಕಿದ ಅಪ್ಪಣೆಯ ಕಡತಗಳನ್ನು ಬರೆದಿಡುತ್ತಾರೆ. “ಈ ಕಾಲಂ ಸೇರಿಸು”, “ಆ ಕಾಲಮ್ಮಿನ ಅಳತೆ ಹೆಚ್ಚಿಸು” ಎಂದು ಒಂದೊಂದು ಕಡತದಲ್ಲಿ ಒಂದೊಂದು ಹೆಜ್ಜೆ. ಇದಕ್ಕೇ ಮೈಗ್ರೇಶನ್, ಎಂದರೆ ವಲಸೆ, ಎಂಬ ಹೆಸರು. ದಫ್ತರವು ಒಂದು ಚೌಕಟ್ಟಿನಿಂದ ಇನ್ನೊಂದಕ್ಕೆ ಗುಳೆ ಹೋಗುತ್ತದೆ. ೨೦೦೫ರ ಹೊತ್ತಿಗೆ ರೂಬಿ ಆನ್ ರೈಲ್ಸ್ ಎಂಬ ಸಲಕರಣೆಯ ಮೂಲಕ ಈ ಪದ್ಧತಿ ಬಹಳ ಜನರ ಬಳಕೆಗೆ ಬಂದಿತು.

ಪದ್ಧತಿಯೇನೋ ಒಳ್ಳೆಯದೆ. ಆದರೆ ಸೂರತ್ತಿನ ರಟ್ಟಿನ ಮಾಲೆಗಿರುವ ತೊಂದರೆ ಇದಕ್ಕೂ ಇದೆ. ಹತ್ತು ವರ್ಷ ನಡೆದ ಕಂಪನಿಯಲ್ಲಿ ಇಂಥ ಕಡತಗಳು ನೂರುಗಟ್ಟಲೆ ಆಗುತ್ತವೆ. ಈ ಹೊತ್ತು ದಫ್ತರ ಹೇಗಿದೆಯೆಂದು ತಿಳಿಯಬೇಕಾದರೆ ಮೊದಲಿನಿಂದ ಎಲ್ಲವನ್ನೂ ಓದಿ ಮನಸ್ಸಿನಲ್ಲಿ ಕೂಡಿಸಿಕೊಳ್ಳಬೇಕು. ಇಬ್ಬರು ಒಂದೇ ದಿನ ‘ನಲವತ್ತೊಂದನೆಯ ಹೆಜ್ಜೆ’ ಎಂದು ಬೇರೆ ಬೇರೆ ಕಡತ ಬರೆದರೆ ಜಗಳ. ಒಂದು ಹೆಜ್ಜೆ ಅರ್ಧಕ್ಕೆ ನಿಂತರೆ ಎಲ್ಲಿಗೆ ನಿಂತಿತೆಂದು ಹುಡುಕುವುದರಲ್ಲಿ ಬೆಳಗಾಗುತ್ತದೆ. ಅನ್ನ ಆರುವುದು ಇಂಥ ರಾತ್ರಿಗಳಲ್ಲಿ.

ಹೊಸ ಸಾಧನಗಳು ಇಲ್ಲಿಯೂ ಸ್ಥಿತಿಯ ಮಾತನ್ನು ತಂದಿವೆ. ಸ್ಕೀಮಾ, ಅಟ್ಲಾಸ್, ಎಸ್‌ಕ್ಯೂಎಲ್‌ಡೆಫ್ ಎಂಬಿವು ಆ ಬಗೆಯವು. ಇವುಗಳಲ್ಲಿ ಮೊದಲನೆಯದರ ಹೆಸರು ಚೌಕಟ್ಟಿನ ಇಂಗ್ಲಿಷ್ ಹೆಸರಿನಂತೆಯೇ ಕೇಳಿಸಿದರೂ ಅದೊಂದು ಸಾಧನದ ಹೆಸರು. ಇವುಗಳಲ್ಲಿ ಹೆಜ್ಜೆಗಳನ್ನು ಬರೆಯಬೇಕಾಗಿಲ್ಲ. ದಫ್ತರ ಕೊನೆಗೆ ಹೇಗಿರಬೇಕೆಂಬುದನ್ನು ಇಡಿಯಾಗಿ ಒಂದು ಕಡತದಲ್ಲಿ ಬರೆದಿಟ್ಟರೆ, ಸಾಧನವು ನಡೆಯುತ್ತಿರುವ ದಫ್ತರವನ್ನು ಓದಿ, ಎರಡನ್ನೂ ಹೋಲಿಸಿ, ವ್ಯತ್ಯಾಸವನ್ನು ಪಟ್ಟಿಮಾಡಿ, ಅದನ್ನು ಸರಿಪಡಿಸಲು ಬೇಕಾದ ಅಪ್ಪಣೆಗಳನ್ನು ತಾನೇ ಬರೆಯುತ್ತದೆ. ಹುಡುಗ ಡಬ್ಬಿಯ ಮುಚ್ಚಳ ತೆಗೆದು ನೋಡಿದಂತೆಯೇ ಇದು.

ಯಂತ್ರಗಳ ಮೇಲ್ವಿಚಾರಣೆ

ದಫ್ತರದ ಮಾತು ಹೀಗಾಯಿತು. ಆ ದಫ್ತರವನ್ನು ಹೊತ್ತಿರುವ ಸರ್ವರ್ ಯಂತ್ರಗಳದ್ದೂ ಇದೇ ಕಥೆ. ಒಂದು ಕಂಪನಿಗೆ ನೂರು ಸರ್ವರುಗಳಿದ್ದರೆ, ನೂರರಲ್ಲೂ ಒಂದೇ ಕ್ರಮ, ಒಂದೇ ಬೀಗ, ಒಂದೇ ಆವೃತ್ತಿಯ ಕಾರ್ಯಕ್ರಮ ಇರಬೇಕು. ಕೈಯಿಂದ ಒಂದೊಂದನ್ನೂ ತಿದ್ದುತ್ತ ಹೋದರೆ ಯಾವುದೋ ಒಂದು ತಪ್ಪಿಹೋಗುತ್ತದೆ.

ಹೀಗೆ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಷೇರುಪೇಟೆಯ ಒಂದು ಪ್ರಸಂಗ ಪ್ರಸಿದ್ಧವಾಗಿದೆ. ನೈಟ್ ಕ್ಯಾಪಿಟಲ್ ಎಂಬ ಷೇರು ವ್ಯವಹಾರದ ಸಂಸ್ಥೆ ೨೦೧೨ರ ಜುಲೈ ತಿಂಗಳಿನಲ್ಲಿ ತನ್ನ ಎಂಟು ಸರ್ವರುಗಳಿಗೆ ಹೊಸ ಕಾರ್ಯಕ್ರಮವನ್ನು ಹಾಕಿಸಿತು. ಹಾಕಿದವನು ಏಳಕ್ಕೆ ಹಾಕಿ ಎಂಟನೆಯದನ್ನು ಬಿಟ್ಟ. ಇನ್ನೊಬ್ಬರು ಅದನ್ನು ಪರಿಶೀಲಿಸಬೇಕೆಂಬ ನಿಯಮವಿರಲಿಲ್ಲ. ಆಗಸ್ಟ್ ೧ರಂದು ಪೇಟೆ ತೆರೆದಾಗ ಆ ಎಂಟನೆಯ ಯಂತ್ರದಲ್ಲಿ ಮಲಗಿದ್ದ ಹಳೆಯ ಕಾರ್ಯಕ್ರಮವು ಎದ್ದು ತನ್ನಿಚ್ಛೆ ಬಂದಂತೆ ಷೇರುಗಳನ್ನು ಕೊಳ್ಳುತ್ತ ಮಾರುತ್ತ ಹೋಯಿತು. ಸುಮಾರು ೪೫ ನಿಮಿಷಗಳಲ್ಲಿ ನಡೆದ ಈ ವ್ಯವಹಾರದಿಂದ ಸಂಸ್ಥೆಗಾದ ನಷ್ಟ ಕೊನೆಗೆ ೪೬ ಕೋಟಿ ಡಾಲರುಗಳನ್ನು ಮೀರಿತು. ಮರುವರ್ಷ ಅದು ಇನ್ನೊಂದು ಸಂಸ್ಥೆಯೊಡನೆ ಸೇರಿಹೋಗಬೇಕಾಯಿತು. “ಎಂಟು ಯಂತ್ರಗಳಲ್ಲೂ ಇದೇ ಕಾರ್ಯಕ್ರಮ ಇರಬೇಕು” ಎಂದು ಬರೆದಿಟ್ಟು, ಹಾಗಿದೆಯೇ ಎಂದು ಯಂತ್ರದಿಂದಲೇ ಹೋಲಿಸಿ ನೋಡಿದ್ದರೆ ಎಂಟನೆಯದು ಸಿಕ್ಕಿಬೀಳುತ್ತಿತ್ತು.

ಈ ವಿಚಾರವನ್ನು ಸರ್ವರುಗಳಿಗೆ ಮೊದಮೊದಲು ಅನ್ವಯಿಸಿದವರಲ್ಲಿ ಮಾರ್ಕ್ ಬರ್ಜೆಸ್ ಮುಖ್ಯನು. ಭೌತಶಾಸ್ತ್ರಜ್ಞನಾದ ಆತ ನಾರ್ವೆಯ ಆಸ್ಲೋ ವಿಶ್ವವಿದ್ಯಾಲಯದಲ್ಲಿದ್ದಾಗ ೧೯೯೩ರಲ್ಲಿ ಸಿಎಫ್‌ಎಂಜಿನ್ ಎಂಬ ಸಾಧನವನ್ನು ಮಾಡಿದನು. ಎಲ್ಲಿಂದ ಹೊರಟರೂ ಯಂತ್ರವು ಕೊನೆಗೆ ಬಯಸಿದ ಸ್ಥಿತಿಗೇ ಬಂದು ಸೇರಬೇಕೆಂಬುದು ಆತನ ತತ್ತ್ವ. ೨೦೦೫ರಲ್ಲಿ ಪಪೆಟ್, ೨೦೧೪ರಲ್ಲಿ ಟೆರಾಫಾರ್ಮ್, ಅದೇ ವರ್ಷ ಗೂಗಲ್ ಸಂಸ್ಥೆಯಿಂದ ಕ್ಯೂಬರ್ನೆಟೀಸ್ ಬಂದವು. ಕೊನೆಯದು ಗ್ರೀಕ್ ಮಾತು. ಹಡಗಿನ ಚುಕ್ಕಾಣಿ ಹಿಡಿಯುವವನು ಎಂದರ್ಥ.

ಚುಕ್ಕಾಣಿ ಹಿಡಿಯುವ ಈ ಕೆಲಸವನ್ನು ವಡೋದರದ ವಾಚಕರು ಚೆನ್ನಾಗಿ ಬಲ್ಲರು. ೧೯೬೫ರಲ್ಲಿ ಆರಂಭವಾದ ಕೊಯಲಿಯ ತೈಲ ಶುದ್ಧೀಕರಣ ಕಾರಖಾನೆಯಂಥ ಕಡೆ ಕೆಲಸಮಾಡಿದವರಿಗೆ ‘ಸೆಟ್ ಪಾಯಿಂಟ್’ ಎಂಬ ಮಾತು ನಿತ್ಯದ್ದು. ಕುಲುಮೆಯ ಶಾಖ ಇಷ್ಟಿರಬೇಕೆಂದು ಗೊತ್ತುಮಾಡಿ ಇಡುತ್ತಾರೆ. ನಿಯಂತ್ರಕವು ಈಗಿನ ಶಾಖವನ್ನು ಅಳೆಯುತ್ತದೆ, ಬೇಕಾದ ಶಾಖಕ್ಕೆ ಹೋಲಿಸುತ್ತದೆ, ಕಡಮೆಯಾದರೆ ಇಂಧನದ ಕವಾಟವನ್ನು ತುಸು ತೆರೆಯುತ್ತದೆ, ಹೆಚ್ಚಾದರೆ ಮುಚ್ಚುತ್ತದೆ. ಹಗಲೂ ಇರುಳೂ ಇದೇ ಕೆಲಸ. ಕ್ಯೂಬರ್ನೆಟೀಸ್ ಮಾಡುವುದೂ ಇದನ್ನೇ. “ಈ ಕಾರ್ಯಕ್ರಮದ ಮೂರು ಪ್ರತಿಗಳು ನಡೆಯುತ್ತಿರಬೇಕು” ಎಂದು ಬರೆದಿಟ್ಟರೆ, ಒಂದು ಸತ್ತಾಗ ಯಾರೂ ಎದ್ದು ಬರಬೇಕಾಗಿಲ್ಲ; ಇನ್ನೊಂದನ್ನು ಅದೇ ಹುಟ್ಟಿಸುತ್ತದೆ. ಮಕ್ಕಳ ನಿದ್ದೆಗೆ ಇದರಿಂದಾದ ಉಪಕಾರ ಸಣ್ಣದಲ್ಲ.

ಹೆಸರು ಬದಲಾದಾಗ

ಇಷ್ಟರವರೆಗೆ ಕೇಳಿದವರಿಗೆ, ಹಾಗಾದರೆ ಹಳೆಯ ಪದ್ಧತಿಯನ್ನು ಬಿಟ್ಟುಬಿಡುವುದೇ ಲೇಸಲ್ಲವೇ ಎಂದು ತೋರಬಹುದು. ಇಲ್ಲಿ ಸ್ವಲ್ಪ ತಾಳಬೇಕು. ಸ್ಥಿತಿಯ ಮಾತಿಗೆ ಒಂದು ದೊಡ್ಡ ಕುಂದಿದೆ, ಮತ್ತು ಆ ಕುಂದು ವಲಸೆ ಬಂದವರಾದ ನಮಗೆ ಬಲುಬೇಗ ಅರ್ಥವಾಗತಕ್ಕದ್ದು.

ನಮ್ಮಂಥದೊಂದು ಕನ್ನಡ ಸಂಘದ ಸದಸ್ಯರ ಪಟ್ಟಿಯನ್ನು ತೆಗೆದುಕೊಳ್ಳೋಣ. ಅದರಲ್ಲಿ ‘ಊರು’ ಎಂಬ ಒಂದು ಕಾಲಂ. ಕುಂದಾಪುರ, ಗದಗ, ತೀರ್ಥಹಳ್ಳಿ, ಕಾಸರಗೋಡು ಎಂದು ಹಿರಿಯರು ತಮ್ಮ ತಮ್ಮ ಊರುಗಳನ್ನು ಬರೆಯಿಸಿದ್ದಾರೆ. ಅವರಲ್ಲಿ ಕೆಲವರು ಈಗಿಲ್ಲ. ಹೊಸದಾಗಿ ಸೇರುವವರು ಮಾತ್ರ ‘ಊರು’ ಎಂದರೆ ಮಣಿನಗರವೆಂದೋ ಅಡಾಜಣವೆಂದೋ ಈಗಿರುವ ಬಡಾವಣೆಯನ್ನು ಬರೆಯುತ್ತಿರುವುದರಿಂದ, ಕಾರ್ಯದರ್ಶಿಗಳು ಗೊಂದಲ ಬೇಡವೆಂದು ಆ ಕಾಲಮ್ಮಿನ ಹೆಸರನ್ನು ‘ಹುಟ್ಟೂರು’ ಎಂದು ತಿದ್ದಲು ಬಯಸುತ್ತಾರೆ. ಯಂತ್ರದ ಕಡತದಲ್ಲಿ ಒಂದು ಮಾತನ್ನು ಅಳಿಸಿ ಇನ್ನೊಂದು ಮಾತನ್ನು ಬರೆಯುತ್ತಾರೆ. ಉದ್ದೇಶ ಒಳ್ಳೆಯದೆ.

ಸಾಧನವು ಈಗ ಏನನ್ನು ಕಾಣುತ್ತದೆ? ಬೇಕಾದ ಚೌಕಟ್ಟಿನಲ್ಲಿ ‘ಹುಟ್ಟೂರು’ ಎಂಬ ಕಾಲಂ ಇದೆ, ದಫ್ತರದಲ್ಲಿ ಅದಿಲ್ಲ. ದಫ್ತರದಲ್ಲಿ ‘ಊರು’ ಎಂಬುದಿದೆ. ಅದು ಯಾರಿಗೂ ಬೇಕಾಗಿಲ್ಲ. ಆದಕಾರಣ ಅದು ಮಾಡುವ ತೀರ್ಮಾನ: ‘ಊರು’ ಕಾಲಮ್ಮನ್ನು ತೆಗೆದುಹಾಕುವುದು, ‘ಹುಟ್ಟೂರು’ ಎಂಬ ಹೊಸ ಕಾಲಮ್ಮನ್ನು ಸೇರಿಸುವುದು. ಹಾಗೆಯೇ ನಡೆಯಿತೆಂದರೆ, ನಾಳೆ ಬೆಳಗ್ಗೆ ಪಟ್ಟಿ ತೆರೆದಾಗ ಅಂದವಾದ ತಲೆಬರಹದ ಕೆಳಗೆ ಒಂದೂ ಊರಿಲ್ಲ. ಇರುವವರನ್ನು ಮತ್ತೆ ಕೇಳಿ ಬರೆದುಕೊಳ್ಳಬಹುದು. ಇಲ್ಲದವರನ್ನು ಎಲ್ಲಿಗೆ ಹೋಗಿ ಕೇಳುವುದು?

ಇಲ್ಲಿ ಯಂತ್ರದ ತಪ್ಪೇನೂ ಇಲ್ಲ. ಕೊನೆಗೆ ಹೇಗಿರಬೇಕೆಂದು ಮಾತ್ರ ನಾವು ಹೇಳಿದೆವು. ಯಾವುದು ಯಾವುದಾಗಿ ಮಾರ್ಪಟ್ಟಿತೆಂದು ಹೇಳಲಿಲ್ಲ. ಹೆಸರು ಬದಲಾಯಿಸಿಕೊಂಡವನಿಗೂ ಹೊಸದಾಗಿ ಬಂದವನಿಗೂ ಇರುವ ಭೇದ ಎರಡು ಪಟ್ಟಿಗಳನ್ನು ಹೋಲಿಸುವುದರಿಂದ ತಿಳಿಯತಕ್ಕದ್ದಲ್ಲ. ಅದು ಚರಿತ್ರೆಯನ್ನು ಬಲ್ಲವರಿಗೆ ಮಾತ್ರ ತಿಳಿಯುತ್ತದೆ.

ಇದು ನಮ್ಮವರ ಬಾಳಿನಲ್ಲೇ ಈಚೆಗೆ ಬಂದ ಪ್ರಶ್ನೆ. ೧೯೩೧ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕು ೨೦೧೯ರ ಏಪ್ರಿಲ್ ೧ರಂದು, ಸಯಾಜಿರಾವ್ ಗಾಯಕವಾಡ ಮಹಾರಾಜರು ೧೯೦೮ರಲ್ಲಿ ಸ್ಥಾಪಿಸಿದ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿಹೋಯಿತು. ದೇನಾ ಬ್ಯಾಂಕೂ ಜೊತೆಗೇ ಸೇರಿತು. ಮರುವರ್ಷ ಏಪ್ರಿಲ್ ೧ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲೂ ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲೂ ಸೇರಿದವು. ಕರಾವಳಿಯ ಬ್ಯಾಂಕುಗಳಲ್ಲಿ ಹಣವಿಟ್ಟಿದ್ದ ನಮ್ಮ ಎಷ್ಟೋ ಮನೆಗಳಲ್ಲಿ ಪಾಸುಬುಕ್ಕಿನ ಮೇಲಿನ ಹೆಸರು ಬದಲಾಯಿತು. ಶಾಖೆಯ ಐಎಫ್‌ಎಸ್‌ಸಿ ಸಂಕೇತವೂ ಬದಲಾಯಿತು. ವಿಜಯಾ ಮತ್ತು ದೇನಾ ಬ್ಯಾಂಕುಗಳ ಹಳೆಯ ಸಂಕೇತಗಳು ೨೦೨೧ರ ಮಾರ್ಚ್ ೧ರಿಂದ ನಿಂತುಹೋದವು. ಆದರೆ ಖಾತೆಯ ಹಣ ಅಲ್ಲಿಯೇ ಇತ್ತು. ಹಳೆಯ ಸಂಕೇತ ಇದು, ಅದಕ್ಕೆ ಬದಲಾದ ಹೊಸ ಸಂಕೇತ ಇದು ಎಂದು ಎದುರುಬದುರಾಗಿ ಬರೆದು ತಿಳಿಯಪಡಿಸಿದುದರಿಂದಲೇ ಗ್ರಾಹಕನು ಯಾವುದು ಯಾವುದಾಯಿತೆಂದು ಅರಿತನು. ಇಂಥ ಪಟ್ಟಿಯಿಲ್ಲದೆ ಹಳೆಯದನ್ನು ಅಳಿಸಿ ಹೊಸದನ್ನು ಬರೆದಿದ್ದರೆ, ಊರಿನಲ್ಲಿರುವ ತಾಯಿಗೆ ತಿಂಗಳ ಹಣ ಕಳಿಸುವವನು ಎಲ್ಲಿಗೆ ಕಳಿಸಬೇಕಾಗಿತ್ತು?

ಅಹಮದಾಬಾದಿನ ನಕ್ಷೆಗಳು

ಹಾಗಾದರೆ ಈ ಕುಂದಿಗೆ ಮದ್ದೇನು? ಅಹಮದಾಬಾದಿನಲ್ಲಿ ಮನೆ ಕೊಂಡವರ ಕ್ರಯಪತ್ರದಲ್ಲೇ ಅದರ ಸೂಚನೆಯಿದೆ. ಪತ್ರವನ್ನು ತೆರೆದು ನೋಡಿದರೆ ‘ಟಿ.ಪಿ. ಸ್ಕೀಮ್ ನಂಬರು ಇಷ್ಟು, ಫೈನಲ್ ಪ್ಲಾಟ್ ನಂಬರು ಇಷ್ಟು’ ಎಂದು ಬರೆದಿರುತ್ತದೆ. ಟಿ.ಪಿ. ಎಂದರೆ ನಗರ ಯೋಜನೆ. ೧೯೧೫ರ ಮುಂಬಯಿ ನಗರ ಯೋಜನಾ ಕಾಯಿದೆಯಿಂದ ಬಂದು, ಇಂದು ಗುಜರಾತಿನ ೧೯೭೬ರ ಕಾಯಿದೆಯ ಮೇರೆಗೆ ನಡೆಯುವ ಪದ್ಧತಿಯಿದು. ಊರ ಹೊರಗಿನ ಹೊಲಗಳು ಸೊಟ್ಟಪಟ್ಟ ಆಕಾರದಲ್ಲಿ, ದಾರಿಯಿಲ್ಲದೆ ಇರುತ್ತವೆ. ಒಂದು ಪ್ರದೇಶದ ಹೊಲಗಳನ್ನೆಲ್ಲ ಒಟ್ಟಿಗೆ ತೆಗೆದುಕೊಂಡು, ಕೊನೆಗೆ ಆ ಪ್ರದೇಶ ಹೇಗಿರಬೇಕೆಂದು ನಕ್ಷೆ ಬರೆಯುತ್ತಾರೆ. ಪ್ರತಿಯೊಬ್ಬ ಒಡೆಯನೂ ರಸ್ತೆ, ತೋಟ, ಶಾಲೆ ಮೊದಲಾದುವಕ್ಕೆ ತನ್ನ ಭೂಮಿಯ ಒಂದು ಪಾಲನ್ನು ಬಿಟ್ಟುಕೊಟ್ಟು, ಉಳಿದುದಕ್ಕೆ ಬದಲಾಗಿ ನೇರವಾದ, ರಸ್ತೆಗೆ ಮುಖವಿರುವ ನಿವೇಶನವನ್ನು ಪಡೆಯುತ್ತಾನೆ. ಅಹಮದಾಬಾದನ್ನು ಸುತ್ತುವ ಸುಮಾರು ೭೬ ಕಿಲೋಮೀಟರಿನ ಸರದಾರ ಪಟೇಲ್ ರಿಂಗ್ ರಸ್ತೆಗೆ ಭೂಮಿ ದೊರಕಿಸುವುದರಲ್ಲಿಯೂ ಈ ಪದ್ಧತಿ ಬಹುವಾಗಿ ನೆರವಾಯಿತು.

ನಮ್ಮ ವಿಷಯಕ್ಕೆ ಬೇಕಾದ ಎರಡು ಅಂಶಗಳು ಇದರಲ್ಲಿವೆ. ಮೊದಲನೆಯದು, ಕರಡು ಯೋಜನೆಯನ್ನು ಪ್ರಕಟಿಸಿ ಆಕ್ಷೇಪಣೆ ಹೇಳಲು ಒಂದು ತಿಂಗಳ ಅವಕಾಶ ಕೊಡುತ್ತಾರೆ. ಬಾಧಿತರ ಮಾತು ಕೇಳಿದ ಮೇಲಷ್ಟೇ ಯೋಜನೆ ಮುಂದುವರಿಯುತ್ತದೆ. ಎರಡನೆಯದು, ‘ಮೂಲ ಪ್ಲಾಟು ಇದು, ಅದಕ್ಕೆ ಬದಲಾಗಿ ಕೊಟ್ಟ ಅಂತಿಮ ಪ್ಲಾಟು ಇದು’ ಎಂಬ ಪಟ್ಟಿ ನಕ್ಷೆಯ ಜೊತೆಗೇ ಇರುತ್ತದೆ. ಹೊಸ ನಕ್ಷೆಯೊಂದನ್ನೇ ನೋಡಿದರೆ ಹಳೆಯ ಒಡೆಯ ಎಲ್ಲಿ ಹೋದನೆಂದು ತಿಳಿಯುವಂತಿಲ್ಲ, ಪಟ್ಟಿಯಿಂದ ತಿಳಿಯುತ್ತದೆ.

ಒಳ್ಳೆಯ ಸಾಧನಗಳಲ್ಲಿಯೂ ಈ ಎರಡು ಏರ್ಪಾಡುಗಳಿವೆ. ಟೆರಾಫಾರ್ಮ್ ತಾನು ಮಾಡಲಿರುವುದನ್ನೆಲ್ಲ ಮೊದಲು ‘ಪ್ಲಾನ್’ ಎಂಬ ಹೆಸರಿನಲ್ಲಿ ಬರೆದು ತೋರಿಸುತ್ತದೆ. ಸೇರಿಸುವುದಕ್ಕೆ ಕೂಡಿಸುವ ಚಿಹ್ನೆ, ಅಳಿಸುವುದಕ್ಕೆ ಕಳೆಯುವ ಚಿಹ್ನೆ. ಕೊನೆಯಲ್ಲಿ ಸೇರಿಸುವುದು ಎಷ್ಟು, ಬದಲಿಸುವುದು ಎಷ್ಟು, ಅಳಿಸುವುದು ಎಷ್ಟು ಎಂದು ಮೊತ್ತ. ಸಾಮಾನ್ಯವಾಗಿ ನೋಡಿದವರು ಒಪ್ಪಿ ‘ಯೆಸ್’ ಎಂದು ಬರೆದ ಮೇಲೆಯೇ ಕೆಲಸ ನಡೆಯುತ್ತದೆ. ಕೇವಲ ಹೆಸರು ತಿದ್ದಿದೆನೆಂದುಕೊಂಡವನ ಮುಂದೆ ‘ಸೇರಿಸುವುದು ೧, ಅಳಿಸುವುದು ೧’ ಎಂದು ಬಂದರೆ ಅವನು ಅಲ್ಲಿಯೇ ನಿಲ್ಲಬೇಕು. ಹಳೆಯ ಹೆಸರು ಹೊಸ ಹೆಸರುಗಳ ನಂಟನ್ನು ತಿಳಿಸಲು ‘ಮೂವ್ಡ್’ ಎಂಬ ಟಿಪ್ಪಣಿಯನ್ನು ಬರೆಯುವ ಸೌಕರ್ಯ ೨೦೨೧ರ ಕೊನೆಯಲ್ಲಿ ಬಂದಿತು. ಡೇಟಾಬೇಸಿನ ಸ್ಕೀಮಾ ಸಾಧನವು ಇನ್ನೂ ಜಾಗರೂಕವಾಗಿ, ಮಾಹಿತಿ ಅಳಿಯುವಂಥ ಕೆಲಸವನ್ನು ವಿಶೇಷ ಅನುಮತಿಯಿಲ್ಲದೆ ಮಾಡುವುದೇ ಇಲ್ಲ.

ಆದರೆ ಆಕ್ಷೇಪಣೆಗೆ ಒಂದು ತಿಂಗಳು ಕೊಟ್ಟರೂ ನೋಟೀಸನ್ನೇ ಓದದವನಿಗೆ ಏನು ಪ್ರಯೋಜನ? ಇನ್ನೂರು ಸಾಲುಗಳ ಪ್ಲಾನನ್ನು ಓದದೆ ‘ಯೆಸ್’ ಒತ್ತುವವನಿಗೆ ಯಾವ ಸಾಧನವೂ ರಕ್ಷಣೆ ಕೊಡಲಾರದು.

ಯಂತ್ರಕ್ಕೆ ತಿಳಿಯದ್ದು

ಇನ್ನೊಂದು ಬಗೆಯ ಕೆಲಸವಿದೆ. ಅಲ್ಲಿ ಸ್ಥಿತಿಯ ಮಾತಷ್ಟೇ ಸಾಲುವುದೇ ಇಲ್ಲ. ಸಂಘದ ಪಟ್ಟಿಯ ‘ಹೆಸರು’ ಕಾಲಮ್ಮನ್ನು ಗುಜರಾತಿನ ಅರ್ಜಿಗಳಲ್ಲಿರುವಂತೆ ಸ್ವಂತ ಹೆಸರು, ತಂದೆಯ ಅಥವಾ ಗಂಡನ ಹೆಸರು, ಅಡ್ಡಹೆಸರು ಎಂದು ಮೂರು ಮಾಡಬೇಕಾಗಿದೆ ಎನ್ನೋಣ. ಧಾರವಾಡದ ಕಡೆಯವರಿಗೆ ಅಡ್ಡಹೆಸರಿದೆ, ಅವರದು ಸುಲಭ. ಹಳೆಯ ಮೈಸೂರಿನ ಕಡೆಯವರಿಗೆ ಹೆಸರಿನ ಹಿಂದೆ ಊರಿನ ಒಂದಕ್ಷರ, ತಂದೆಯ ಒಂದಕ್ಷರ, ಅಡ್ಡಹೆಸರೆಂಬುದೇ ಇಲ್ಲ. ಅಲ್ಲಿ ಯಾವ ಅಕ್ಷರ ಯಾವ ಕಾಲಮ್ಮಿಗೆ? ಮೂರು ಕಾಲಂ ಬೇಕೆಂದು ಬರೆದರೆ ಯಂತ್ರ ಮೂರು ಖಾಲಿ ಕಾಲಂ ಮಾಡಿಕೊಟ್ಟೀತು. ಅವುಗಳೊಳಗೆ ಏನನ್ನು ತುಂಬಬೇಕೆಂಬುದನ್ನು ನಮ್ಮ ಜನರನ್ನು ಬಲ್ಲವರು ಕುಳಿತು, ಹೆಜ್ಜೆ ಹೆಜ್ಜೆಯಾಗಿ ಬರೆಯಬೇಕು. ಮೊದಲು ಹೊಸ ಕಾಲಂ ಸೇರಿಸುವುದು, ಬಳಿಕ ಮಾಹಿತಿ ತುಂಬುವುದು, ಅದು ಸರಿಯೆಂದು ನೋಡುವುದು, ಎಲ್ಲಕ್ಕೂ ಕೊನೆಗೆ ಹಳೆಯದನ್ನು ತೆಗೆಯುವುದು. ಈ ಕ್ರಮ ತಪ್ಪಬಾರದು. ಆದ್ದರಿಂದಲೇ ಅನುಭವಿಗಳು ಎರಡು ಪದ್ಧತಿಗಳನ್ನೂ ಸೇರಿಸಿ ನಡೆಸುತ್ತಾರೆ. ಬಯಸಿದ ಚೌಕಟ್ಟನ್ನು ಬರೆದಿಟ್ಟು, ಅಲ್ಲಿಗೆ ಹೋಗುವ ಹೆಜ್ಜೆಗಳನ್ನು ಸಾಧನದಿಂದ ಬರೆಸಿ, ಅವನ್ನು ಕಣ್ಣಿಂದ ಓದಿ, ಬೇಕಾದ ಕಡೆ ಕೈಯಿಂದ ತಿದ್ದಿ, ಕಡತದಲ್ಲಿ ಇಡುತ್ತಾರೆ.

ಚರಿತ್ರೆಯನ್ನು ಇಡುವ ಈ ವಿಷಯದಲ್ಲಿ ನಮ್ಮ ಕಂದಾಯ ಇಲಾಖೆಯವರ ಜಾಣ್ಮೆಯನ್ನು ನೆನೆಯಬೇಕು. ಗುಜರಾತಿನಲ್ಲಿ ಹೊಲವುಳ್ಳವರಿಗೆ 'ಸಾತ್‌ಬಾರ', ಎಂದರೆ ೭/೧೨ರ ಉತಾರೆ ಗೊತ್ತು. ೧೯೫೬ರವರೆಗೆ ಮುಂಬಯಿ ರಾಜ್ಯದಲ್ಲಿದ್ದ ಧಾರವಾಡ, ಬೆಳಗಾವಿ, ವಿಜಯಪುರಗಳ ಕಡೆಯವರು ಇಂದಿಗೂ ‘ಉತಾರ’ ಎಂದೇ ಅನ್ನುತ್ತಾರೆ. ಈ ಹೊತ್ತು ಭೂಮಿ ಯಾರದು, ಬೆಳೆ ಯಾವುದು ಎಂಬ ಸ್ಥಿತಿಯನ್ನು ೭/೧೨ ಹೇಳುತ್ತದೆ. ಆ ಸ್ಥಿತಿ ಹೇಗೆ ಬಂದಿತು, ಯಾರು ಮಾರಿದರು, ಯಾರು ತೀರಿಕೊಂಡು ಯಾರ ಹೆಸರು ಏರಿತು ಎಂಬುದು ೬ನೆಯ ನಮೂನೆಯಾದ ಹಕ್ಕುಪತ್ರಕದಲ್ಲಿ ಕ್ರಮವಾಗಿ ಇರುತ್ತದೆ. ಅಲ್ಲಿನ ದಾಖಲೆಯ ನಂಬರುಗಳು ೭/೧೨ರಲ್ಲಿಯೂ ಕಾಣುತ್ತವೆ. ವ್ಯಾಜ್ಯ ಬಂದಾಗ ವಕೀಲರು ಮೊದಲು ಕೇಳುವುದು ಆ ನಂಬರುಗಳನ್ನು. ಕಂಪ್ಯೂಟರಿನವರಿಗೆ ಈ ೬ನೆಯ ನಮೂನೆಯ ಕೆಲಸವನ್ನು ಮಾಡಿಕೊಡುವುದು ಗಿಟ್ ಎಂಬ ಸಾಧನ; ಲೀನಸ್ ಟೋರ್ವಾಲ್ಡ್ಸ್ ಅದನ್ನು ೨೦೦೫ರಲ್ಲಿ ರಚಿಸಿದನು. ಬೇಕಾದ ಸ್ಥಿತಿಯನ್ನು ಬರೆದ ಕಡತ ಯಾವಾಗ, ಯಾರಿಂದ, ಏಕೆ ಬದಲಾಯಿತೆಂಬುದು ಅದರಲ್ಲಿ ಉಳಿಯುತ್ತದೆ.

ಇಷ್ಟಾದರೂ ನಕಲು ಪ್ರತಿಯನ್ನು ಮರೆಯಬಾರದು. ೨೦೧೭ರ ಜನವರಿ ೩೧ರಂದು ಗಿಟ್‌ಲ್ಯಾಬ್ ಎಂಬ ಸಂಸ್ಥೆಯಲ್ಲಿ ದಣಿದಿದ್ದ ಕೆಲಸಗಾರನೊಬ್ಬ ಅಳಿಸುವ ಅಪ್ಪಣೆಯನ್ನು ತಪ್ಪಾದ ಸರ್ವರಿನಲ್ಲಿ ಕೊಟ್ಟುಬಿಟ್ಟ. ನಕಲು ಇಡಲು ಐದು ಬಗೆಯ ಏರ್ಪಾಡುಗಳಿದ್ದರೂ ಆ ಹೊತ್ತಿನಲ್ಲಿ ಯಾವುದೂ ನೆಚ್ಚುವಂತಿರಲಿಲ್ಲವೆಂದು ಸಂಸ್ಥೆಯೇ ಪ್ರಕಟಿಸಿತು. ಸುಮಾರು ಆರು ಗಂಟೆ ಮುಂಚೆ ಬೇರೊಂದು ಕಾರಣಕ್ಕಾಗಿ ತೆಗೆದಿಟ್ಟ ಪ್ರತಿಯೊಂದು ಸಿಕ್ಕಿತು; ನಡುವಿನ ಆರು ಗಂಟೆಗಳ ಮಾಹಿತಿ ಹೋಯಿತು. ನಕಲು ಪ್ರತಿ ಇದ್ದರೆ ಸಾಲದು. ಅದನ್ನು ಆಗಾಗ ತೆರೆದು ನೋಡಿರಬೇಕು.

ನಮ್ಮ ಸಂಘಗಳು ಮಾಡಬಹುದಾದದ್ದು

ಈಗ ಮನೆಯ ಮಾತಿಗೆ ಬರೋಣ. ಗುಜರಾತಿನ ನಮ್ಮ ಸಂಘಗಳ ಹಳೆಯ ಲೆಡ್ಜರುಗಳಲ್ಲಿ ಮೂರು ತಲೆಮಾರುಗಳ ವಿವರಗಳಿವೆ. ಅವನ್ನು ಕಂಪ್ಯೂಟರಿಗೆ ಏರಿಸುವ ಉತ್ಸಾಹ ತರುಣರಲ್ಲಿ ಕಾಣುತ್ತಿರುವುದು ಸಂತೋಷದ ಸಂಗತಿ. ಅವರು ಈ ಹೊಸ ಸಾಧನಗಳನ್ನು ಧಾರಾಳವಾಗಿ ಬಳಸಲಿ. ಆದರೆ ಒಂದು ಕಾಲಮ್ಮಿನ ಹೆಸರು ತಿದ್ದುವ ಮುನ್ನ ಅದನ್ನು ಬರೆದ ಹಿರಿಯರನ್ನೊಮ್ಮೆ ಕೇಳಲಿ; ಸಾಧನವು ತೋರಿಸುವ ಯೋಜನೆಯನ್ನು ಇಬ್ಬರು ಕುಳಿತು ಓದಲಿ; ಕಳೆಯುವ ಚಿಹ್ನೆ ಕಂಡ ಕಡೆ ಕೈ ತಡೆಯಲಿ. ಲೆಡ್ಜರನ್ನು ಏರಿಸಿ ಆಯಿತೆಂದು ರದ್ದಿಯವನಿಗೆ ಕೊಡದೆ ಬೀರುವಿನಲ್ಲಿ ಇಟ್ಟಿರಲಿ.

ಹಿರಿಯರಿಗೂ ಒಂದು ಮಾತು. ಮಗಳು ರಾತ್ರಿ ಹತ್ತಕ್ಕೆ ಪರದೆಯ ಮುಂದೆ ಕುಳಿತು, “ಪ್ಲಾನ್ ಓದುತ್ತಿದ್ದೇನೆ, ಇನ್ನೂ ಒಪ್ಪಿಲ್ಲ” ಎಂದರೆ ಅವಸರಪಡಿಸಬೇಡಿ. ಯಾರದೋ ಖಾತೆ, ಯಾರದೋ ಊರು ಆ ಸಾಲುಗಳಲ್ಲಿ ಇದ್ದೀತು. ಅನ್ನವನ್ನು ಬಿಸಿಮಾಡಿ ಬಡಿಸಿದರಾಯಿತು.